ಉತ್ಸವ್ ರಾಕ್ ಗಾರ್ಡನ್

ಉತ್ಸವ್ ರಾಕ್ ಗಾರ್ಡನ್ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಗ್ರಾಮದ ಬಳಿ, ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿರುವ ಶಿಲ್ಪೋದ್ಯಾನ. ಉತ್ತರ ಕರ್ನಾಟಕದ ಗ್ರಾಮಜೀವನ, ಸಾಂಪ್ರದಾಯಿಕ ಕಸುಬುಗಳು ಹಾಗೂ ಸಮಕಾಲೀನ ಕಲೆ ಇಲ್ಲಿ ಒಂದೇ ಆವರಣದಲ್ಲಿ ಪ್ರದರ್ಶಿತವಾಗಿವೆ. ಬೇರೆ ಬೇರೆ ಗಾತ್ರದ ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ. ಇದರ ರೂವಾರಿ, ದೊಡ್ಡಾಟದ ಪುನಶ್ಚೇತನಕ್ಕೂ ದುಡಿದ ಕಲಾವಿದ ಟಿ. ಬಿ. ಸೊಲಬಕ್ಕನವರ, ಅವರು 2020ರಲ್ಲಿ ನಿಧನರಾದರು.

ಹಿನ್ನೆಲೆ

ಈ ಭಾಗದ ಹಳ್ಳಿಗಳಲ್ಲಿ ಕಸುಬುಗಳು ಆಯದ ಪದ್ಧತಿಯ ಮೇಲೆ ನಿಂತಿದ್ದವು. ರೈತರಿಗೆ ಬೇಕಾದ ಸಲಕರಣೆಗಳನ್ನು ವರ್ಷವಿಡೀ ಮಾಡಿಕೊಡುತ್ತಿದ್ದ ಬಡಿಗ, ಕಂಬಾರ, ಕುಂಬಾರ, ಸಮಗಾರ ಮೊದಲಾದವರು ಸುಗ್ಗಿಯಲ್ಲಿ ಕಣಕ್ಕೆ ಬಂದು ಧಾನ್ಯದ ಪಾಲನ್ನು ಪಡೆಯುತ್ತಿದ್ದರು. ಇವರನ್ನು ಆಯಗಾರರು ಎನ್ನುತ್ತಾರೆ. ಟ್ರ್ಯಾಕ್ಟರು ಮತ್ತು ಕಾರ್ಖಾನೆಯ ಕಬ್ಬಿಣದ ಉಪಕರಣಗಳು ಬಂದ ಮೇಲೆ ಮರದ ಕೂರಿಗೆ, ರಂಟೆ, ಕುಂಟೆಗಳನ್ನು ಮಾಡಿಸುವವರು ಕಡಿಮೆಯಾದರು. ಪ್ಲಾಸ್ಟಿಕ್ ಕೊಡವು ಮಣ್ಣಿನ ಗಡಿಗೆಯ ಜಾಗವನ್ನು ಹಿಡಿಯಿತು. ಕಸುಬು ಜಾತಿಗೆ ಅಂಟಿಕೊಂಡಿದ್ದುದರಿಂದ ಅದನ್ನು ಬಿಟ್ಟು ಹೊರಬಂದುದು ಹಲವರಿಗೆ ಬಿಡುಗಡೆಯೂ ಆಗಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಆದರೆ ಕಸುಬಿನ ಜೊತೆಗೆ ಅದರ ಉಪಕರಣಗಳ ಹೆಸರು, ಅಳತೆ, ಕೈಚಳಕಗಳೂ ಬಳಕೆಯಿಂದ ಮರೆಯಾಗತೊಡಗಿದವು.

ಪ್ರದರ್ಶನ

ಉದ್ಯಾನದ ಮುಖ್ಯ ಭಾಗವು ಒಂದು ಹಳ್ಳಿಯ ಮಾದರಿ. ಬೇಸಾಯ, ದನಗಾಹಿ ಬದುಕು, ಕುರಿಸಾಕಣೆ, ಕರಕುಶಲ ಕಸುಬುಗಳು ಹಾಗೂ ಮನೆಗೆಲಸದಲ್ಲಿ ತೊಡಗಿದ ಹೆಂಗಸರು, ಗಂಡಸರು ಸಹಜ ಗಾತ್ರದಲ್ಲಿ ಮೂಡಿದ್ದಾರೆ. ಡಾ. ರಾಜ್‌ಕುಮಾರ್ ಅವರ ಚಲನಚಿತ್ರಗಳ ಪಾತ್ರಗಳಿಗೂ ಪ್ರತ್ಯೇಕ ಸ್ಥಳವಿದೆ. ಹೆಸರು ಚಂಡೀಗಢದ ರಾಕ್ ಗಾರ್ಡನ್ ಅನ್ನು ನೆನಪಿಸಿದರೂ ಎರಡರ ರೀತಿ ಬೇರೆ: ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳಂತಹ ತ್ಯಾಜ್ಯದಿಂದ ಕಲ್ಪನೆಯ ಆಕೃತಿಗಳನ್ನು ಕಟ್ಟಿದರು, ಗೊಟಗೋಡಿಯಲ್ಲಿರುವುದು ನೈಜ ಶೈಲಿ. ಉಡುಪು, ಕುಳಿತ ಭಂಗಿ, ಕೈಯ ಹಿಡಿತಗಳಲ್ಲಿ ಕಸುಬನ್ನು ಗುರುತಿಸಬಹುದಾದ ಕಾರಣ ಇದನ್ನು ಮಾನವಶಾಸ್ತ್ರೀಯ ವಸ್ತುಸಂಗ್ರಹಾಲಯವೆಂದೂ ಪರಿಗಣಿಸಲಾಗುತ್ತದೆ.

ಮಿತಿ

ಶಿಲ್ಪವು ಕಸುಬಿನ ಒಂದು ಕ್ಷಣವನ್ನು ಮಾತ್ರ ಹಿಡಿದಿಡುತ್ತದೆ; ಕಸುಬುದಾರನಿಗೆ ಮಾರುಕಟ್ಟೆಯನ್ನು ಒದಗಿಸುವುದಿಲ್ಲ. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ‘ಕಾವೇರಿ’ ಮಳಿಗೆಗಳು ಮಾರಾಟಕ್ಕೆ ನೆರವಾಗುತ್ತವೆ. ಆದರೆ ಅಲ್ಲಿ ಎದ್ದು ಕಾಣುವುದು ಶ್ರೀಗಂಧದ ಕೆತ್ತನೆ, ಬೀಟೆಮರದ ಕುಸುರಿ, ಬಿದರಿ ಮುಂತಾದ ಅಲಂಕಾರದ ವಸ್ತುಗಳು. ಕೂರಿಗೆ ಮಾಡುವ ಬಡಿಗನಿಗೆ ಅಂತಹ ಕಪಾಟಿನಲ್ಲಿ ಜಾಗವಿರುವುದು ಕಷ್ಟ.

ಸಮೀಪದ ಸಂಸ್ಥೆ

2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಗೊಟಗೋಡಿಯಲ್ಲಿದೆ.