ಕೊಲ್ಹಾಪುರ ಸೀಮೆಯ ರಂಗಭೂಮಿಯಲ್ಲಿ ಕನ್ನಡದ ಪಾಲು

2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಸಂಗೀತಸೂರ್ಯ ಕೇಶವರಾವ ಭೋಸಲೆ ನಾಟ್ಯಗೃಹವು ಬೆಂಕಿಗೆ ಆಹುತಿಯಾಯಿತು. ಬೆಳಗಾದರೆ ಕೇಶವರಾವರ ಜನ್ಮದಿನ. ಮರಾಠಿ ರಂಗಭೂಮಿಗೆ ತುಂಬಲಾರದ ನಷ್ಟವಾಯಿತೆಂದು ಅಂದು ಎಲ್ಲೆಡೆ ಮಾತು ಕೇಳಿಬಂತು. ಅದು ನಿಜವೇ. ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ನೆಲೆಸಿರುವ ಕನ್ನಡಿಗರು ಆ ಮಾತನ್ನು ನೆರೆಮನೆಯ ಸುದ್ದಿಯಂತೆ ಕೇಳಬೇಕಾದವರಲ್ಲ. ಈ ಸೀಮೆಯ ನಾಟಕ, ಸಂಗೀತ, ಕುಣಿತಗಳ ಇತಿಹಾಸದಲ್ಲಿ ಕನ್ನಡದ ಪಾಲು ಎಲ್ಲೆಲ್ಲಿ ಸೇರಿಕೊಂಡಿದೆ ಎಂಬುದನ್ನು ಒಂದೆಡೆ ಬರೆದಿಡುವುದು ನಮ್ಮ ಉದ್ದೇಶ.

ಹುಬ್ಬಳ್ಳಿಯಲ್ಲಿ ಹುಟ್ಟಿದ ಮಂಡಳಿ

ಕೇಶವರಾವ ಭೋಸಲೆಯವರು 1890ರಲ್ಲಿ ಕೊಲ್ಹಾಪುರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ರಂಗವೇರಿ, ದೇವಲರ 'ಶಾರದಾ' ನಾಟಕದ ನಾಯಕಿಯ ಪಾತ್ರದಿಂದ ಹೆಸರು ಗಳಿಸಿದರು. ಮುಂದೆ ಅವರು ಸ್ವಂತದ 'ಲಲಿತಕಲಾದರ್ಶ' ನಾಟಕ ಮಂಡಳಿಯನ್ನು ಸ್ಥಾಪಿಸಿದ್ದು 1908ರಲ್ಲಿ. ಸ್ಥಾಪಿಸಿದ ಊರು ಹುಬ್ಬಳ್ಳಿ. ಮರಾಠಿ ಸಂಗೀತ ನಾಟಕದ ಅತಿ ದೊಡ್ಡ ಹೆಸರುಗಳಲ್ಲೊಂದಾದ ಈ ಮಂಡಳಿಯ ಜನ್ಮಸ್ಥಳ ಕನ್ನಡ ನಾಡಿನ ನಡುಮಧ್ಯೆ ಇದೆಯೆಂಬುದು ನಮ್ಮವರಿಗೇ ಅಷ್ಟಾಗಿ ತಿಳಿದಿಲ್ಲ.

ಇದರಲ್ಲಿ ಅಚ್ಚರಿಪಡುವಂಥದೇನೂ ಇಲ್ಲ. ಅಂದು ಈ ಭಾಗವೆಲ್ಲ ಒಂದೇ ಸಂಚಾರದ ಸೀಮೆಯಾಗಿತ್ತು. ಮಿರಜದಿಂದ ಬೆಳಗಾವಿಯ ಮೇಲೆ ಹಾಯ್ದು ಹುಬ್ಬಳ್ಳಿಯ ಕಡೆಗೆ ರೈಲು ಓಡುತ್ತಿತ್ತು. 1891ರಲ್ಲಿ ಕೊಲ್ಹಾಪುರವೂ ಮಿರಜಕ್ಕೆ ರೈಲಿನಿಂದ ಜೋಡಿಸಲ್ಪಟ್ಟಿತು. ಪಡದೆ, ಪೆಟ್ಟಿಗೆ, ಪೋಷಾಕುಗಳ ಭಾರ ಹೊತ್ತ ನಾಟಕ ಮಂಡಳಿಗಳಿಗೆ ರೈಲಿದ್ದ ಊರೇ ಮುಕ್ಕಾಮಿನ ಊರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಪ್ರೇಕ್ಷಕರು ಮನೆಯಲ್ಲಿ ಕನ್ನಡ ಆಡಿ ರಾತ್ರಿ ಮರಾಠಿ ಪದ ಕೇಳುತ್ತಿದ್ದರು. ಇಂದು ನಾವು ಗಡಿ ಎನ್ನುವ ಗೆರೆ 1956ರ ರಾಜ್ಯ ಪುನರ್ವಿಂಗಡಣೆಯದು.

ಕೇಶವರಾವರ ಹೆಸರು ಹೊತ್ತ ಮಂದಿರವನ್ನು ಕಟ್ಟಿಸಿದವರು ರಾಜರ್ಷಿ ಶಾಹೂ ಛತ್ರಪತಿಗಳು. 1913ರಲ್ಲಿ ಆರಂಭವಾದ ಕಟ್ಟಡ 1915ರಲ್ಲಿ ಮುಗಿಯಿತು. ಆಗ ಅದರ ಹೆಸರು ಪ್ಯಾಲೇಸ್ ಥಿಯೇಟರ್. ಪಕ್ಕದ ಖಾಸಬಾಗ ಕುಸ್ತಿ ಮೈದಾನವೂ ಅವರದೇ ಕೊಡುಗೆ. ಕುಸ್ತಿಯ ಕಣ ಮತ್ತು ನಾಟಕದ ಮಂದಿರ ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ಊರು ಬೇರೆಲ್ಲೂ ಇರಲಿಕ್ಕಿಲ್ಲ. ಶಾಹೂ ಮಹಾರಾಜರು ಪಟ್ಟಕ್ಕೆ ಬರುವ ಮುಂಚೆ 1890ರಿಂದ ಕೆಲವು ವರ್ಷ ಧಾರವಾಡದಲ್ಲಿ ಫ್ರೇಜರ್ ಎಂಬ ಅಧಿಕಾರಿಯ ಬಳಿ ವಿದ್ಯಾಭ್ಯಾಸ ಮಾಡಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. 1921ರ ಜುಲೈ 8ರಂದು ಮುಂಬಯಿಯಲ್ಲಿ ಟಿಳಕ ಸ್ವರಾಜ್ಯ ನಿಧಿಗಾಗಿ ಕೇಶವರಾವರೂ ಬಾಲಗಂಧರ್ವರೂ ಕೂಡಿ 'ಮಾನಾಪಮಾನ' ನಾಟಕವಾಡಿದರು. ಅದೇ ವರ್ಷ ಅಕ್ಟೋಬರದಲ್ಲಿ ಕೇಶವರಾವ ತೀರಿಕೊಂಡರು, ವಯಸ್ಸು 31. ಪ್ಯಾಲೇಸ್ ಥಿಯೇಟರಿಗೆ ಅವರ ಹೆಸರು ಬಂದದ್ದು 1957ರಲ್ಲಿ.

ಹೋದದ್ದು ಮತ್ತು ಮರಳಿ ಬಂದದ್ದು

ಇದಕ್ಕೂ ಹಿಂದಿನ ಕಥೆ ಕೊಲ್ಹಾಪುರದ ನೆರೆಯ ಸಾಂಗಲಿಯದು. 1842ರಲ್ಲಿ ಉತ್ತರ ಕನ್ನಡದ ಒಂದು ಭಾಗವತ ಮೇಳ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಮುಂದೆ ಆಟವಾಡಿತು. ಅದು ಹೊನ್ನಾವರ ಬಳಿಯ ಕರ್ಕಿಯ ಮೇಳವೆಂದು ಯಕ್ಷಗಾನ ವಲಯದಲ್ಲಿ ಹೇಳುತ್ತ ಬಂದಿದ್ದಾರೆ. ಆಟ ಕಂಡ ದೊರೆಗಳು ಇಂಥದೊಂದು ಮರಾಠಿಯಲ್ಲಿಯೂ ಆಗಲೆಂದು ಆಶ್ರಿತರಾಗಿದ್ದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಟ್ಟರು. 1843ರಲ್ಲಿ 'ಸೀತಾಸ್ವಯಂವರ' ರಂಗಕ್ಕೆ ಬಂತು. ಮಹಾರಾಷ್ಟ್ರವು ಪ್ರತಿವರ್ಷ ನವೆಂಬರ್ 5ರಂದು ರಂಗಭೂಮಿ ದಿನವನ್ನು ಆಚರಿಸುವುದು ಆ ನೆನಪಿಗಾಗಿ.

ಭಾವೆಯವರ ಆಟದ ರೀತಿಯನ್ನು ನೋಡಿದರೆ ಮೂಲ ಸ್ಪಷ್ಟವಾಗುತ್ತದೆ. ಸೂತ್ರಧಾರ ರಂಗದ ಮೇಲೆಯೇ ನಿಂತು ಕಥೆಯನ್ನೆಲ್ಲ ಪದವಾಗಿ ಹಾಡುತ್ತಾನೆ. ಪಾತ್ರಧಾರಿಗಳು ಆ ಪದಕ್ಕೆ ತಕ್ಕ ಮಾತನ್ನು ಆ ಕ್ಷಣಕ್ಕೆ ಕಟ್ಟಿ ಆಡುತ್ತಾರೆ. ಆರಂಭಕ್ಕೆ ಗಣಪತಿ, ಸರಸ್ವತಿಯರು ಬಂದು ಹೋಗಬೇಕು. ನಡುನಡುವೆ ವಿದೂಷಕ ನಗಿಸಬೇಕು. ಭಾಗವತರು, ಅರ್ಥಧಾರಿಗಳು, ಹಾಸ್ಯಗಾರರನ್ನು ಬಲ್ಲ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾವೆಯವರು ಆ ಮೇಳವನ್ನು ಬರಿದೆ ಅನುಕರಿಸಿದರೆಂದು ನಾವು ಹೇಳುತ್ತಿಲ್ಲ. ಕಂಡದ್ದನ್ನು ತಮ್ಮ ಭಾಷೆಗೆ, ತಮ್ಮ ಪ್ರೇಕ್ಷಕರಿಗೆ ಒಗ್ಗಿಸಿ, ಊರೂರು ತಿರುಗುವ ಮಂಡಳಿಯನ್ನು ಕಟ್ಟಿದ್ದು ಅವರ ಸಾಧನೆ.

ಮುಂದಿನ ಹೆಜ್ಜೆಯೂ ಕನ್ನಡ ನೆಲಕ್ಕೆ ತಾಕಿದೆ. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅದಕ್ಕೂ ಮುಂಚೆಯೇ ಮರಾಠಿ ಮಂಡಳಿಗಳ ಪ್ರಭಾವ ಎಷ್ಟು ಹೆಚ್ಚಿತ್ತೆಂದರೆ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಕನ್ನಡ ನಾಟಕಕ್ಕೆ ನೆಲೆಯೇ ಇಲ್ಲದಂತಾಯಿತು. ಅದನ್ನು ಕಂಡು ನೊಂದ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿಯೇ ಗದುಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಿಸಿ ಅದಕ್ಕೆ ನಾಟಕಗಳನ್ನು ಬರೆದುಕೊಟ್ಟರು. ಕನ್ನಡದಿಂದ ಮರಾಠಿಗೆ ಹೋದದ್ದು ಮರಾಠಿಯಿಂದ ಸ್ಪರ್ಧೆಯ ರೂಪದಲ್ಲಿ ಕನ್ನಡಕ್ಕೆ ಮರಳಿತು. ಗರೂಡ ಸದಾಶಿವರಾಯರಿಂದ ಏಣಗಿ ಬಾಳಪ್ಪನವರವರೆಗಿನ ವೃತ್ತಿ ರಂಗಭೂಮಿಯ ವೈಭವಕ್ಕೆ ಈ ಪೈಪೋಟಿಯೂ ಒಂದು ಕಾರಣ. ಸಾಲ ಯಾರದು, ಬಡ್ಡಿ ಯಾರದು ಎಂದು ಲೆಕ್ಕ ಹಾಕುವವರು ಹಾಕಲಿ.

ಕನ್ನಡದ ಮೊದಲ ಮಾತಿನ ಚಿತ್ರ

ಕೊಲ್ಹಾಪುರದಲ್ಲಿ ನಾಟಕದ ಪಡದೆಯಿಂದ ಚಿತ್ರಪಟಕ್ಕೆ ದಾಟಿದ್ದು ಒಂದೇ ತಲೆಮಾರಿನಲ್ಲಿ. ನಾಟಕ ಮಂಡಳಿಗಳಿಗೆ ಪಡದೆ ಬರೆಯುತ್ತಿದ್ದ ಬಾಬುರಾವ ಪೇಂಟರರು ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿದರು. ಅಲ್ಲಿ ಪಳಗಿದ ವ್ಹಿ. ಶಾಂತಾರಾಮ ಮತ್ತು ಸಂಗಡಿಗರು 1929ರಲ್ಲಿ ಪ್ರಭಾತ ಕಂಪನಿಯನ್ನು ಕೊಲ್ಹಾಪುರದಲ್ಲಿಯೇ ಆರಂಭಿಸಿದರು. 1933ರಲ್ಲಿ ಅದು ಪುಣೆಗೆ ಹೋಯಿತು. ಶಾಂತಾರಾಮರು ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿಯ ತಗಡಿನ ಟಾಕೀಜೊಂದರಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಸಿನೆಮಾದ ಹುಚ್ಚು ಹಿಡಿಸಿಕೊಂಡರು.

ನಮಗೆ ಹೆಚ್ಚು ಮುಖ್ಯವಾದುದು 'ಸತಿ ಸುಲೋಚನಾ'. ಕನ್ನಡದ ಈ ಮೊದಲ ವಾಕ್ಚಿತ್ರದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ. ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ನಿರ್ದೇಶಕರು ವೈ.ವಿ. ರಾವ್; ನಿರ್ಮಾಪಕರು ಬೆಂಗಳೂರಿನಲ್ಲಿ ವ್ಯಾಪಾರವಿದ್ದ ಚಮನಲಾಲ ಡುಂಗಾಜಿ; ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತನಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬಾ ಅಭಿನಯಿಸಿದರು. ನಾಯ್ಡು ಮತ್ತು ನಾಗೇಂದ್ರರಾಯರು ಕಂಪನಿ ನಾಟಕದಲ್ಲಿ ಮಾಗಿದವರು. ರಂಗದ ಮೇಲಿನ ಮಾತು ಮತ್ತು ಹಾಡಿನ ಕಸುವನ್ನೇ ಅವರು ಕೊಲ್ಹಾಪುರದ ಕ್ಯಾಮರಾದ ಮುಂದೆ ತಂದರು. 1934ರ ಮಾರ್ಚ್ 3ರಂದು ಚಿತ್ರ ಬೆಂಗಳೂರಿನಲ್ಲಿ ತೆರೆ ಕಂಡಿತು. ಅದರ ಪ್ರತಿ ಉಳಿದಿಲ್ಲ. ಕನ್ನಡ ಚಿತ್ರರಂಗದ ಜನ್ಮದಿನವೆಂದು ಬೆಂಗಳೂರಿನಲ್ಲಿ ಪ್ರತಿವರ್ಷ ಮಾರ್ಚ್ 3ನ್ನು ನೆನೆಯುವಾಗ, ಕನ್ನಡ ಮೊದಲು ಮಾತಾಡಿದ ಸ್ಟುಡಿಯೋ ಇದ್ದ ಊರನ್ನೂ ಯಾರಾದರೂ ನೆನೆಯಬೇಕಲ್ಲವೆ? ಆ ಕೆಲಸ ಕೊಲ್ಹಾಪುರದ ಕನ್ನಡಿಗರದು.

ಇಚಲಕರಂಜಿಯ ಗಾಯನ ಪರಂಪರೆ

ಇಚಲಕರಂಜಿಯೆಂದರೆ ಮಗ್ಗದ ಸದ್ದು ಎನ್ನುವುದು ವಾಡಿಕೆ. ಆದರೆ ಗ್ವಾಲಿಯರ ಘರಾಣೆಯ ಗಾಯಕಿಯನ್ನು ಈ ಭಾಗಕ್ಕೆ ತಂದ ಬಾಳಕೃಷ್ಣಬುವಾ (1849-1926) ತಮ್ಮ ಹೆಸರಿನೊಂದಿಗೆ ಇದೇ ಊರಿನ ಹೆಸರನ್ನು ಜೋಡಿಸಿಕೊಂಡರು. ಅವರಿಗೆ ಆಶ್ರಯವಿತ್ತವರು ಇಲ್ಲಿಯ ಘೋರ್ಪಡೆ ಜಹಗೀರದಾರರು. ಊರಿನ ಇಂದಿನ ನಾಟ್ಯಗೃಹಕ್ಕೂ ಶ್ರೀಮಂತ ನಾರಾಯಣರಾವ ಘೋರ್ಪಡೆಯವರ ಹೆಸರಿದೆ. ಬುವಾ ಅವರ ಶಿಷ್ಯರಲ್ಲಿ ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು ಜಗತ್ಪ್ರಸಿದ್ಧರು. ಇನ್ನೊಬ್ಬ ಶಿಷ್ಯ ನೀಲಕಂಠಬುವಾ ಆಲೂರಮಠ. ಕನ್ನಡ ನಾಟಕ ಕಂಪನಿಯಲ್ಲಿ ಬಾಲಪಾತ್ರ ಮಾಡಿಕೊಂಡಿದ್ದ ಧಾರವಾಡ ಬಳಿಯ ಹುಡುಗನೊಬ್ಬ ಮಿರಜದಲ್ಲಿ ಈ ನೀಲಕಂಠಬುವಾ ಅವರಲ್ಲಿ ಆರು ವರ್ಷ ಕಲಿತ. ಅವನೇ ಮಲ್ಲಿಕಾರ್ಜುನ ಮನಸೂರ.

ಮನಸೂರರು ಮುಂದೆ ಜಯಪುರ-ಅತ್ರೌಲಿ ಗಾಯಕಿಗೆ ಒಲಿದಾಗಲೂ ದಾರಿ ಕೊಲ್ಹಾಪುರದ ಕಡೆಗೇ ತಿರುಗಿತು. ಆ ಘರಾಣೆಯ ಅಲ್ಲಾದಿಯಾ ಖಾನರು ಶಾಹೂ ಮಹಾರಾಜರ ಆಸ್ಥಾನ ಗಾಯಕರು. ಅವರ ಮಗ ಮಂಜಿ ಖಾನರು 1937ರಲ್ಲಿ ಅಕಾಲದಲ್ಲಿ ತೀರಿಕೊಂಡ ಬಳಿಕ, ಇನ್ನೊಬ್ಬ ಮಗ ಕೊಲ್ಹಾಪುರದ ಭೂರ್ಜಿ ಖಾನರು ಮನಸೂರರಿಗೆ ಗುರುವಾದರು. ಕೊಲ್ಹಾಪುರದಲ್ಲಿ 1883ರಿಂದ ನಡೆದುಬಂದಿರುವ ಗಾಯನ ಸಮಾಜ ದೇವಲ ಕ್ಲಬ್ ಆ ಕಾಲದ ಬೈಠಕುಗಳ ನೆನಪನ್ನು ಇಂದಿಗೂ ಹೊತ್ತಿದೆ.

ಗಡಹಿಂಗ್ಲಜದ ಕಡೆ

ಇಲ್ಲಿಯವರೆಗೆ ಹೇಳಿದ್ದು ಅರಮನೆ, ಪೇಟೆ ಮತ್ತು ಪಡದೆಯ ಕಲೆ. ಗಡಹಿಂಗ್ಲಜ ತಾಲೂಕಿಗೆ ಬಂದರೆ ಕಥೆ ಬೇರೆ. ಹಿರಣ್ಯಕೇಶಿ ಹೊಳೆ ಇಲ್ಲಿಂದ ಸಂಕೇಶ್ವರಕ್ಕೆ ಹರಿದುಹೋಗುತ್ತದೆ. ಅದರೊಂದಿಗೆ ಮಾತೂ ಹಾಡೂ ಎರಡೂ ಕಡೆ ಹರಿದಾಡುತ್ತವೆ. ಗಡಿಯ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತ, ಬೈಲಹೊಂಗಲ ಕಡೆಯ ಸಂಗ್ಯಾ-ಬಾಳ್ಯಾ ಈ ಹಳ್ಳಿಗಳಿಗೆ ದೂರದ ಆಟಗಳಲ್ಲ. ಲಾವಣಿಯಂತೂ ಎರಡೂ ಭಾಷೆಯ ಸೊತ್ತು.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು ಸವದತ್ತಿ ಎಲ್ಲಮ್ಮನ ಚೌಡಿಕೆ ಪದ. ಹೊಸ್ತಿಲ ಹುಣ್ಣಿಮೆಗೆ ಕೊಲ್ಹಾಪುರ ಜಿಲ್ಲೆಯಿಂದ ಗುಡ್ಡಕ್ಕೆ ಹೋಗುವ ಜನಸಾಗರವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಚೌಡಿಕೆ, ಸುತಿ, ತಾಳ ಹಿಡಿದ ಜೋಗತಿಯರು ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ಹಾಡಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಾರೆ. ಕೇಳುವವರ ಮಾತು ಯಾವುದೋ ಅದಕ್ಕೆ ತಕ್ಕಂತೆ ಒಂದು ನುಡಿ ಕನ್ನಡ, ಇನ್ನೊಂದು ಮರಾಠಿ ಆಗುವುದುಂಟು. ಈ ಕಲೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಇದರ ಹಿಂದೆ ಬಡ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯ ಸಂಕಟವಿತ್ತು. 1970ರ ದಶಕದಲ್ಲಿ ಆ ಪದ್ಧತಿಯ ವಿರುದ್ಧ ಎದ್ದ ಚಳವಳಿಗೆ ಗಡಹಿಂಗ್ಲಜ ಮತ್ತು ನಿಪ್ಪಾಣಿಗಳೇ ಮುಖ್ಯ ನೆಲೆಗಳಾದವು. ಪದ್ಧತಿ ಅಳಿಯಬೇಕಾದುದು ನ್ಯಾಯ. ಆದರೆ ಹಾಡಿದವರ ವಿದ್ಯೆಯೂ ಅದರೊಂದಿಗೆ ಲೆಕ್ಕಕ್ಕಿಲ್ಲದೆ ಅಳಿದುಹೋದರೆ ಅದು ಅವರಿಗೆ ಆಗುವ ಇನ್ನೊಂದು ಅನ್ಯಾಯ. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಸಂದಾಗ ಕರ್ನಾಟಕದಲ್ಲಿ ಈ ಕಲೆಗೆ ಒಂದು ಗೌರವ ದೊರೆಯಿತು. ಗಡಿಯ ಈಚೆಗಿರುವ ಹಾಡುಗಾರ್ತಿಯರ ಪಾಡು ಬೇರೆ: ಕನ್ನಡದ ಸಂಗ್ರಾಹಕರು ಸಂಕೇಶ್ವರದಲ್ಲಿ ನಿಲ್ಲುತ್ತಾರೆ, ಮರಾಠಿಯವರು ಇದನ್ನು ಕನ್ನಡದ್ದೆಂದು ಬಿಡುತ್ತಾರೆ.

ಮುಂದೇನು

ಸುಟ್ಟ ನಾಟ್ಯಗೃಹವನ್ನು ಮೊದಲಿನ ರೂಪದಲ್ಲಿಯೇ ಮರಳಿ ಕಟ್ಟುವುದಾಗಿ ಮಹಾರಾಷ್ಟ್ರ ಸರಕಾರ ಹೇಳಿದೆ. ಕಟ್ಟಡದೊಂದಿಗೆ ಅದರ ಇತಿಹಾಸವನ್ನು ಹೇಳುವ ಫಲಕವೂ ಏಳುವುದು ಸಹಜ. ಅದರಲ್ಲಿ 1908ರ ಹುಬ್ಬಳ್ಳಿಗೆ ಒಂದು ಸಾಲು ಸಿಗಬೇಕೆಂಬುದು ನಮ್ಮ ಬೇಡಿಕೆ. ರಾಜ್ಯ ನಾಟ್ಯ ಸ್ಪರ್ಧೆಯಲ್ಲಿ ಮರಾಠಿ, ಹಿಂದಿ, ಸಂಸ್ಕೃತ ವಿಭಾಗಗಳಿವೆ; ಕನ್ನಡವನ್ನಾಡುವ ಹವ್ಯಾಸಿ ತಂಡಗಳು ಮನಸ್ಸು ಮಾಡಿದರೆ ನಮ್ಮದಕ್ಕೂ ಜಾಗ ಕೇಳಬಹುದು. ನವೆಂಬರ್ 5ರ ರಂಗಭೂಮಿ ದಿನದಂದು ಮೂರು ಊರುಗಳಲ್ಲಿ ಎಲ್ಲಿಯಾದರೂ ಒಂದು ಪಾರಿಜಾತದ ಆಟವಾದರೆ, ಕರೆಯದಿದ್ದರೂ ಮರಾಠಿ ರಸಿಕರು ಬರುತ್ತಾರೆಂಬ ಭರವಸೆ ನಮಗಿದೆ.

ಇನ್ನು ಗಡಹಿಂಗ್ಲಜ ತಾಲೂಕಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಚೌಡಿಕೆ ಪದ, ಲಾವಣಿ, ಪಾರಿಜಾತದ ಹಾಡು ಬಲ್ಲ ಹಿರಿಯರಿದ್ದರೆ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿಯಾದರೂ ಧ್ವನಿಮುದ್ರಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಬರೆದಿಡಿರಿ. ಪದದ ಯಾವ ನುಡಿ ಕನ್ನಡ, ಯಾವುದು ಮರಾಠಿ ಎಂಬುದನ್ನು ತಿದ್ದದೆ, ಅವರು ಹಾಡಿದಂತೆಯೇ ಬರೆದು ಕಳಿಸಿದರೆ ನಾವು ಜೋಪಾನ ಮಾಡುತ್ತೇವೆ.