ತಪ್ಪಿಹೋದವರೂ ತೆರೆದ ಬಾಗಿಲೂ

ಮನುಷ್ಯನು ದೇವರನ್ನು ಅರಸಿ ಹೊರಟ ಕಥೆಗಳು ಎಲ್ಲ ಮತಗಳಲ್ಲಿಯೂ ಹೇರಳವಾಗಿವೆ. ದೇವರೇ ಮನುಷ್ಯನನ್ನು ಅರಸಿ ಹೊರಡುವ ಕಥೆಗಳು ಅಷ್ಟು ಹೇರಳವಲ್ಲ. ಅವುಗಳಲ್ಲಿ ಬಹು ಪ್ರಸಿದ್ಧವಾದ ಮೂರು, ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಒಟ್ಟಿಗೆ ದೊರೆಯುತ್ತವೆ. ಈ ಸಾಮ್ಯಗಳನ್ನು ನಾವು ಕನ್ನಡನಾಡಿನ ಒಂದು ಮೂಲೆಯಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕರಿನೆಲದಲ್ಲಿ ನಿಂತು ನೋಡೋಣ. ಅಲ್ಲಿ ಅವು ಪರದೇಶದ ಕಥೆಗಳಾಗಿ ಕಾಣುವುದಿಲ್ಲ.

ಮೊದಲು ಕಥೆಗಳ ಸಂದರ್ಭ. ಏಸುಕ್ರಿಸ್ತನು ಪಾಪಿಗಳೆನಿಸಿಕೊಂಡವರನ್ನು ಸೇರಿಸಿಕೊಂಡು ಅವರ ಪಂಕ್ತಿಯಲ್ಲಿ ಉಣ್ಣುತ್ತಾನೆಂದು ಆಚಾರವಂತರು ಗೊಣಗಿದರು. ಅದಕ್ಕೆ ಉತ್ತರವಾಗಿ ಬಂದವು ಈ ಕಥೆಗಳು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬನು ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿ, ಹೆಗಲ ಮೇಲೆ ಹೊತ್ತು ತರುತ್ತಾನೆ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆಯನ್ನೆಲ್ಲ ಗುಡಿಸುತ್ತಾಳೆ. ಆ ಒಂದು ನಾಣ್ಯವೆಂದರೆ ಕೂಲಿಯಾಳಿನ ಸುಮಾರು ಒಂದು ದಿನದ ದುಡಿಮೆ. ಮೂರನೆಯದರಲ್ಲಿ ಕಿರಿಯ ಮಗನು ತನ್ನ ಪಾಲಿನ ಆಸ್ತಿಯನ್ನು ಕೇಳಿ ಪಡೆದು, ದೂರದೇಶದಲ್ಲಿ ಹಾಳುಮಾಡಿ, ಬರಗಾಲಕ್ಕೆ ಸಿಕ್ಕಿ, ಹಂದಿ ಕಾಯುವವನಾಗಿ ಹಿಂದಿರುಗುತ್ತಾನೆ. ಯೆಹೂದ್ಯನಿಗೆ ಅದಕ್ಕಿಂತ ಹೀನವಾದ ಕೆಲಸವಿಲ್ಲ. ಆದರೂ ತಂದೆಯು ದೂರದಿಂದಲೇ ಕಂಡು ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ವಯಸ್ಸಾದ ಗೃಹಸ್ಥನು ಬೀದಿಯಲ್ಲಿ ಓಡುವುದು ಎಲ್ಲಿಯೂ ಮರ್ಯಾದೆಯೆನಿಸುವುದಿಲ್ಲ. ಆದರೆ ಇಲ್ಲಿ ಮರ್ಯಾದೆಯನ್ನು ನೋಡಿಕೊಳ್ಳಲು ಆತನಿಗೆ ಪುರುಸೊತ್ತಿಲ್ಲ.

ಈ ಕಥೆಗಳು ಕನ್ನಡಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೈಹಾಕಿದನು. ಸಂಪೂರ್ಣ ಕನ್ನಡ ಬೈಬಲ್ಲು 1831ರ ವೇಳೆಗೆ ಮುಗಿಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ಶತಮಾನದ ಕೊನೆಯ ಭಾಗದಲ್ಲಿ ವಿಜಾಪುರವನ್ನೂ ಮುಟ್ಟಿದರು. ಡೋಣಿ ತುಂಬಿ ಹರಿದರೆ ಓಣಿ ಓಣಿಗೂ ಜೋಳವೆಂದು ಆಡಿಕೊಳ್ಳುವ ಆ ಸೀಮೆಯಲ್ಲಿ ಡೋಣಿ ತುಂಬದ ವರ್ಷಗಳೂ ಉಂಟು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರಾಂತವು ತತ್ತರಿಸಿತು. 1872ರಲ್ಲಿ 8,16,273 ಇದ್ದ ಜನಸಂಖ್ಯೆ 1881ರ ಗಣತಿಯಲ್ಲಿ 6,38,493ಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ! ಕುರಿ ಕಾಯುವವರ ಈ ನಾಡಿನಲ್ಲಿ, ಹಸಿದು ಮನೆಯ ಹಾದಿ ಹಿಡಿದ ಮಗನ ಕಥೆಗೆ ಟೀಕೆ ಬೇಕಾಗಿರಲಿಲ್ಲ.

ಆದರೆ ಬಂದವರು ಬರಿಯ ನೆಲಕ್ಕೆ ಬರಲಿಲ್ಲ. ಬಾಗೇವಾಡಿಯು ಬಸವಣ್ಣನವರ ಹುಟ್ಟೂರು. ಬಾಸೆಲ್ ಮಿಷನ್ನಿನ ವ್ಯೂರ್ಥ್ ಪಾದ್ರಿಯು ಬಸವಪುರಾಣವನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ, 1865–66ರ ಸುಮಾರಿಗೆ ಮುಂಬಯಿಯ ಏಷಿಯಾಟಿಕ್ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. ಬೋಧಿಸಲು ಬಂದವರು ಓದಲೂ ಬೇಕಾಯಿತು.

ಬಸವಣ್ಣನವರ ಚರಿತ್ರೆಯಲ್ಲಿ ಮಗನು ಮನೆ ಬಿಡುವುದುಂಟು, ಆದರೆ ದಿಕ್ಕು ಬೇರೆ. ಅವರು ಉಪನಯನವನ್ನು ಒಲ್ಲದೆ ಅಗ್ರಹಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದರು. ತಂದೆಯ ಮನೆಗೆ ಹಿಂದಿರುಗಲಿಲ್ಲ. ಮುಂದೆ ಕಲ್ಯಾಣದಲ್ಲಿ ತಾವೇ ಒಂದು ಮಹಾಮನೆಯನ್ನು ಕಟ್ಟಿ, ಊರ ಹೊರಗಿನವರಿಗೆ ಅದರ ಬಾಗಿಲನ್ನು ತೆರೆದರು. ಉರಿಲಿಂಗಪೆದ್ದಿಯು ಮೊದಲು ಕಳ್ಳನಾಗಿದ್ದನೆಂದೂ ಕನ್ನ ಹಾಕಲು ಹೋದ ಮನೆಯಲ್ಲಿ ದೀಕ್ಷೆಯ ದೃಶ್ಯವನ್ನು ಕಂಡು ಮಾರ್ಪಟ್ಟನೆಂದೂ ಸಂಪ್ರದಾಯವು ಹೇಳುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯಂತೂ ಅಲ್ಲಮಪ್ರಭುವೇ ಕುರುಬನಂತೆ ಹೊರಡುತ್ತಾನೆ: ತೋಟ ಅಗೆಯುವ ಗೊಗ್ಗಯ್ಯನ ಬಳಿಗೆ, ಕೆರೆ ಕಟ್ಟಿಸುವ ಸಿದ್ಧರಾಮನ ಬಳಿಗೆ ತಾನಾಗಿ ಹೋಗುತ್ತಾನೆ. ಅವರು ಕೆಟ್ಟವರಲ್ಲ, ತಮ್ಮ ಕೆಲಸದಲ್ಲಿಯೇ ಮೈಮರೆತವರು. ಕಳೆದುಹೋಗುವುದಕ್ಕೆ ದೂರದೇಶವೇ ಬೇಕೆಂಬ ನಿಯಮವಿಲ್ಲ ಎಂಬುದು ಇದರ ತಾತ್ಪರ್ಯ.

ಲೂಕನ ಮೂರನೆಯ ಕಥೆಯೂ ಇದನ್ನೇ ಹೇಳುತ್ತದೆ. ಅದರ ಉತ್ತರಾರ್ಧವನ್ನು ನಾವು ಮರೆಯುತ್ತೇವೆ. ಹೊಲದಿಂದ ಬಂದ ಹಿರಿಯ ಮಗನು ವಾದ್ಯದ ಧ್ವನಿಯನ್ನು ಕೇಳಿ, ಸಂಗತಿಯನ್ನು ತಿಳಿದು, ಒಳಗೆ ಬರಲು ಒಪ್ಪುವುದಿಲ್ಲ. ಇಷ್ಟು ವರ್ಷ ದುಡಿದ ತನಗೆ ಇಲ್ಲದ ಔತಣ ಆ ದುಂದುಗಾರನಿಗೇಕೆ? ಈ ಮಾತನ್ನು ಅನ್ಯಾಯವೆಂದು ತಳ್ಳಿಹಾಕುವುದು ಸುಲಭವಲ್ಲ. ಆಗ ತಂದೆಯು ಎರಡನೆಯ ಸಲ ಹೊರಗೆ ಬಂದು ಅವನನ್ನೂ ಬೇಡಿಕೊಳ್ಳುತ್ತಾನೆ. ಮನೆಯಲ್ಲಿಯೇ ಇದ್ದು ಕಳೆದುಹೋದವನು ಇವನು. ಅವನು ಒಳಗೆ ಬಂದನೆ? ಕಥೆ ಹೇಳುವುದಿಲ್ಲ. ಗೊಣಗಿದವರೆದುರಿಗೇ ಹೇಳಿದ ಕಥೆಯಾದುದರಿಂದ, ಮುಕ್ತಾಯವನ್ನು ಅವರಿಗೇ ಬಿಟ್ಟಂತೆ ತೋರುತ್ತದೆ.

ಕಥೆಯು ಹೇಳದುದನ್ನು ಕಲ್ಯಾಣದ ಇತಿಹಾಸವು ಹೇಳಿದೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ವಿವಾಹವಾದಾಗ, ಅಲ್ಲಿಯ ಹಿರಿಯಣ್ಣಂದಿರು ಮದುವೆಯ ಚಪ್ಪರದ ಹೊರಗೆ ನಿಂತು ಮುನಿಸಿಕೊಂಡುದಷ್ಟೇ ಅಲ್ಲ, ಅರಸನ ಬಳಿಗೆ ದೂರು ಒಯ್ದರು. ಬೀಗರಿಬ್ಬರಿಗೂ ಘೋರವಾದ ಮರಣದಂಡನೆಯಾಯಿತೆಂದು ಸಂಪ್ರದಾಯವು ನೆನೆಯುತ್ತದೆ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯೂ ಮುಗಿಯಿತು, ಶರಣರು ಚದರಿಹೋದರು. ಬಾಗಿಲು ತೆರೆದವರ ಔದಾರ್ಯವೊಂದೇ ಸಾಲದು. ಮೊದಲೇ ಒಳಗಿದ್ದವರು ಜಾಗ ಮಾಡಿಕೊಡದಿದ್ದರೆ ಔತಣವು ರಣವಾಗುತ್ತದೆ.

ಈ ಎರಡು ಪರಂಪರೆಗಳಲ್ಲಿ ಯಾವುದು ಯಾವುದರಿಂದ ಬಂದಿತೆಂದು ತರ್ಕಿಸುವುದು ನಮ್ಮ ಉದ್ದೇಶವಲ್ಲ. ಸಾಲವಿಲ್ಲದೆಯೇ ಎರಡು ನಾಡುಗಳಲ್ಲಿ ಒಂದೇ ಸತ್ಯವು ಮೊಳೆಯಬಹುದು. ತಪ್ಪಿಹೋದವನಿಗಾಗಿ ಕನಿಕರಪಡುವುದು ನಮಗೆ ಕಷ್ಟವಲ್ಲ; ಅವನು ಬಂದು ನಮ್ಮ ಪಂಕ್ತಿಯಲ್ಲಿಯೇ ಕುಳಿತಾಗ ಎದ್ದುಹೋಗದಿರುವುದು ಕಷ್ಟ. ಸುವಾರ್ತೆಯೂ ಕಲ್ಯಾಣವೂ ನಮ್ಮನ್ನು ಪರೀಕ್ಷಿಸುವುದು ಆ ಸ್ಥಳದಲ್ಲಿ.