‘ಮತ್ತೆ ಬಂದರೆ?’: ಒಂದು ಭಯಕ್ಕೆ ಮದ್ದು ಹುಡುಕಿದ ದಾರಿ

ಸ್ತನ ಕ್ಯಾನ್ಸರ್‌ನ ಚಿಕಿತ್ಸೆ ಮುಗಿಸಿದ ಹೆಂಗಸರಿಗೆ ಆಗಾಗ ಮೂಳೆ ಸ್ಕ್ಯಾನ್, ಲಿವರ್‌ನ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸುತ್ತಿದ್ದರೆ ಅವರ ಆಯುಷ್ಯ ಹೆಚ್ಚುತ್ತದೆಯೇ? ಇಟಲಿಯ ಸಂಶೋಧಕರು 1994ರಲ್ಲಿ ಈ ಪ್ರಶ್ನೆಗೆ ಉತ್ತರ ಪ್ರಕಟಿಸಿದರು. 1,320 ಮಹಿಳೆಯರನ್ನು ಎರಡು ಗುಂಪು ಮಾಡಿ ಸುಮಾರು ಆರು ವರ್ಷ ಗಮನಿಸಲಾಗಿತ್ತು. ಪದೇ ಪದೇ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇ 20ರಷ್ಟು, ಮಾಮೂಲಿ ತಪಾಸಣೆ ಮತ್ತು ಮ್ಯಾಮೊಗ್ರಾಮ್ ಮಾತ್ರ ಮಾಡಿಸಿಕೊಂಡವರಲ್ಲಿ ಶೇ 18ರಷ್ಟು ಮಂದಿ ತೀರಿಕೊಂಡಿದ್ದರು. ಪರೀಕ್ಷೆಗಳಿಂದ ಜೀವ ಉಳಿದಿರಲಿಲ್ಲ, ಮನಸ್ಸಿನ ನೆಮ್ಮದಿಯೂ ಹೆಚ್ಚಿರಲಿಲ್ಲ. ಆದರೂ ಶೇ 70ಕ್ಕಿಂತ ಹೆಚ್ಚು ಮಂದಿ, ಯಾವ ಲಕ್ಷಣ ಇಲ್ಲದಿದ್ದರೂ ತಮಗೆ ಪರೀಕ್ಷೆಗಳು ಬೇಕು ಎಂದೇ ಹೇಳಿದರು.

ನೆಮ್ಮದಿ ಕೊಡದ ಪರೀಕ್ಷೆಯನ್ನು ಅವರು ಏಕೆ ಬಯಸುತ್ತಿದ್ದರು? ‘ಮತ್ತೆ ಬಂದರೆ?’ ಎಂಬ ಭಯ ಅವರನ್ನು ಬಿಟ್ಟಿರಲಿಲ್ಲ. ಆ ಭಯಕ್ಕೆ ವೈದ್ಯರ ಕೈಯಲ್ಲಿ ಆಗ ಬೇರೆ ಮದ್ದೂ ಇರಲಿಲ್ಲ.

ಈ ಭಯವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಮೊದಲು ಕಾಯಿಲೆಯ ಹೆಸರು ಗೊತ್ತಿರಬೇಕು. 1961ರಲ್ಲಿ ಷಿಕಾಗೋದ ಆಸ್ಪತ್ರೆಯೊಂದರ ವೈದ್ಯರನ್ನು ಡೊನಾಲ್ಡ್ ಓಕನ್ ವಿಚಾರಿಸಿದಾಗ, ಸುಮಾರು ಶೇ 90ರಷ್ಟು ಮಂದಿ ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಒಳ್ಳೆಯದು ಎಂದಿದ್ದರು. 1979ರ ಹೊತ್ತಿಗೆ ಗಾಳಿ ಪೂರಾ ತಿರುಗಿತ್ತು. ಅಂಥದೇ ಇನ್ನೊಂದು ಸಮೀಕ್ಷೆಯಲ್ಲಿ ಶೇ 97ರಷ್ಟು ವೈದ್ಯರು ಹೇಳುವುದೇ ಸರಿ ಎಂದರು. ಈ ನಡುವೆ, 1977ರಲ್ಲಿ, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಜಿಮ್ಮಿ ಹಾಲಂಡ್ ಎಂಬ ವೈದ್ಯೆ ಕ್ಯಾನ್ಸರ್ ರೋಗಿಗಳಿಗೆಂದೇ ಮನೋವೈದ್ಯಕೀಯ ಸೇವೆ ಆರಂಭಿಸಿದ್ದರು. 1980ರಲ್ಲಿ ಕವಯಿತ್ರಿ ಆಡ್ರಿ ಲಾರ್ಡ್ ತಮ್ಮ ಸ್ತನ ಕ್ಯಾನ್ಸರ್ ದಿನಚರಿಯನ್ನು ಪುಸ್ತಕವಾಗಿ ತಂದರು. ಸ್ತನ ತೆಗೆಸಿಕೊಂಡ ಹೆಣ್ಣು ಏನೂ ಆಗಿಲ್ಲವೆಂಬಂತೆ ಮೌನವಾಗಿರಬೇಕು ಎಂಬ ನಿರೀಕ್ಷೆಯನ್ನು ಅವರು ಒಪ್ಪಲಿಲ್ಲ. 1984ರಲ್ಲಿ ಅದೇ ಕಾಯಿಲೆ ಅವರ ಲಿವರ್‌ನಲ್ಲಿ ಕಾಣಿಸಿಕೊಂಡಿತು.

1985ರಲ್ಲಿ ಇನ್ನೊಂದು ದನಿ ಕೇಳಿತು. ಸ್ವತಃ ಕ್ಯಾನ್ಸರ್‌ನಿಂದ ಪಾರಾಗಿದ್ದ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪಾರಾದವರ ಬದುಕನ್ನು ಮೂರು ಋತುಗಳಾಗಿ ವಿಂಗಡಿಸಿ ಬರೆದರು. ಮೊದಲನೆಯದು ಚಿಕಿತ್ಸೆಯ ಕಾಲ. ಎರಡನೆಯದು ಚಿಕಿತ್ಸೆ ಮುಗಿದು ಕಾಯುವ ಕಾಲ. ಅದನ್ನು ಆಳುವುದೇ ಮರುಕಳಿಕೆಯ ಭಯ ಎಂದರು ಮಲ್ಲನ್. ಮನೆಯವರ ಪಾಲಿಗೆ ಕೀಮೋ, ರೇಡಿಯೇಶನ್ ಮುಗಿದ ದಿನ ಹಬ್ಬವಿದ್ದಂತೆ. ಚಿಕಿತ್ಸೆ ಪಡೆದವಳಿಗೋ, ಅಷ್ಟು ದಿನ ವಾರವಾರವೂ ಕಾಣಿಸುತ್ತಿದ್ದ ನರ್ಸು, ಡಾಕ್ಟರು ಒಮ್ಮೆಲೇ ದೂರವಾದ ದಿನ.

ಭಯದ ಯಂತ್ರ

ಭಯಕ್ಕೆ ಹೆಸರು ಸಿಕ್ಕಮೇಲೆ ಅದರ ಒಳಗನ್ನು ಬಿಚ್ಚಿ ನೋಡುವ ಕೆಲಸ ಶುರುವಾಯಿತು. 1997ರಲ್ಲಿ ಲೀ-ಜೋನ್ಸ್, ಗೆರಿ ಹಂಫ್ರಿಸ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ಕ್ಷೇತ್ರದ ಮೈಲಿಗಲ್ಲು. ಭಯ ಸುಮ್ಮನೆ ಹುಟ್ಟುವುದಿಲ್ಲ, ಅದಕ್ಕೊಂದು ಕಿಡಿ ಬೇಕು ಎಂದು ಅವರು ಪ್ರತಿಪಾದಿಸಿದರು. ಬೆನ್ನಿನ ಒಂದು ನೋವು, ಪಕ್ಕದ ಮನೆಯವರ ಸಾವಿನ ಸುದ್ದಿ, ಫಾಲೋಅಪ್‌ನ ತಾರೀಖು, ಯಾವುದಾದರೂ ಸರಿ. ಮನಸ್ಸು ಆ ಕಿಡಿಯನ್ನು ‘ಅದೇ ಬಂತು’ ಎಂದು ಓದಿಕೊಳ್ಳುತ್ತದೆ. ಆಗ ಕೈ ತಾನಾಗಿಯೇ ಗಂಟು ತಡಕುತ್ತದೆ, ಡಾಕ್ಟರಿಗೆ ಫೋನ್ ಹೋಗುತ್ತದೆ. ‘ಏನೂ ಇಲ್ಲ’ ಎಂಬ ಮಾತು ಕೇಳಿ ಎರಡು ದಿನ ಹಗುರಾಗುತ್ತದೆ. ಮೂರನೇ ದಿನ ಮತ್ತೆ ಅನುಮಾನ. ಭರವಸೆ ಕೇಳಿದಷ್ಟೂ ಭರವಸೆಯ ಹಸಿವು ಹೆಚ್ಚುತ್ತದೆ. ಇಟಲಿಯ ಆ ಶೇ 70ರ ಒಗಟು ಇಲ್ಲಿ ಒಂದಿಷ್ಟು ಬಿಡಿಸಿಕೊಂಡಿತು.

ಸ್ತನ ಕ್ಯಾನ್ಸರ್‌ನಲ್ಲಿ ಈ ಯಂತ್ರಕ್ಕೆ ಎಣ್ಣೆ ಹೊಯ್ಯಲು ಚಿಕಿತ್ಸೆಯೇ ಸಾಕು. ಹಾರ್ಮೋನು ಆಧಾರಿತ ಗಡ್ಡೆಯವರು ಐದು ವರ್ಷ, ಕೆಲವರು ಹತ್ತು ವರ್ಷ ದಿನಾ ಒಂದು ಮಾತ್ರೆ ನುಂಗಬೇಕು. ದಿನವೂ ಅದು ನೆನಪಿನ ಮಾತ್ರೆಯೂ ಹೌದು. ಅನಾಸ್ಟ್ರೋಜೋಲ್, ಲೆಟ್ರೋಜೋಲ್‌ನಂಥ ಮಾತ್ರೆಗಳಿಂದ ಕೀಲುಗಳಲ್ಲಿ ನೋವು ಬರುತ್ತದೆ. ಔಷಧಿಯ ನೋವನ್ನೇ ಮೂಳೆಗೆ ಹಬ್ಬಿದ ಕ್ಯಾನ್ಸರ್ ಎಂದುಕೊಂಡು ರಾತ್ರಿಯಿಡೀ ಎದ್ದು ಕುಳಿತವರು ಎಷ್ಟೋ ಮಂದಿ.

ಭಯಕ್ಕೆ ಬುಡವಿಲ್ಲ ಎಂದು ತಳ್ಳಿಹಾಕುವಂತೆಯೂ ಇಲ್ಲ. ಐದು ವರ್ಷ ಹಾರ್ಮೋನು ಚಿಕಿತ್ಸೆ ಮುಗಿಸಿ, ಆವರೆಗೆ ಕಾಯಿಲೆ ಮರಳದಿದ್ದ 62,923 ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2017ರಲ್ಲಿ ಹೊರಬಂತು. ಆರನೇ ವರ್ಷದಿಂದ ಇಪ್ಪತ್ತನೇ ವರ್ಷದವರೆಗೂ ಕಾಯಿಲೆ ನಿಧಾನವಾಗಿ ಮರಳುತ್ತಲೇ ಇತ್ತು. ಗಡ್ಡೆ ಚಿಕ್ಕದಿದ್ದು ಕಂಕುಳಿನ ಗ್ರಂಥಿಗಳಿಗೆ ಹಬ್ಬದಿದ್ದವರಲ್ಲೂ ದೇಹದ ಬೇರೆ ಭಾಗದಲ್ಲಿ ಅದು ಕಾಣಿಸಿಕೊಳ್ಳುವ ಸಾಧ್ಯತೆ ಶೇ 13. ಅಂದರೆ, ಅಂಥ ನೂರರಲ್ಲಿ ಎಂಬತ್ತೇಳು ಮಂದಿಗೆ ಹಾಗಾಗುವುದಿಲ್ಲ. ಈ ಎರಡು ಸಂಖ್ಯೆಗಳನ್ನೂ ಒಟ್ಟಿಗೆ ಮಡಿಲಲ್ಲಿಟ್ಟುಕೊಂಡು ಬಾಳುವುದು ಹೇಗೆಂಬುದೇ ಈ ಕ್ಷೇತ್ರದ ಮೂಲ ಪ್ರಶ್ನೆ.

ಅಳತೆಗೋಲು

2009ರಲ್ಲಿ ಕೆನಡಾದ ಕ್ವಿಬೆಕ್‌ನ ಸೆಬಾಸ್ಟಿಯನ್ ಸಿಮಾರ್ ಮತ್ತು ಜೋಸೆ ಸವಾರ್ 42 ಪ್ರಶ್ನೆಗಳ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಭಯದ ತೀವ್ರತೆ, ಅದನ್ನು ಕೆರಳಿಸುವ ಸಂಗತಿಗಳು, ಅದರಿಂದ ನಿಂತುಹೋದ ಕೆಲಸಗಳು, ಭರವಸೆಗಾಗಿ ಅಲೆದಾಟ, ಎಲ್ಲಕ್ಕೂ ಅಂಕ. 2015ರಲ್ಲಿ ಸೋಫಿ ಲೆಬೆಲ್, ಕ್ರಿಸ್ಟೀನ್ ಮಾಹು ಮೊದಲಾದ ತಜ್ಞರು ಪಾರಾದವರನ್ನೂ ಕೂರಿಸಿಕೊಂಡು ಒಟ್ಟಾವದಲ್ಲಿ ಸಭೆ ಸೇರಿದರು. ಕ್ಯಾನ್ಸರ್ ಮರಳಬಹುದು ಅಥವಾ ಮುಂದುವರಿಯಬಹುದು ಎಂಬ ಸಾಧ್ಯತೆಯ ಕುರಿತ ಭಯ, ಚಿಂತೆ, ಆತಂಕ ಎಂಬ ವ್ಯಾಖ್ಯೆ ಅಲ್ಲಿ ರೂಪುಗೊಂಡು ಮರುವರ್ಷ ಪ್ರಕಟವಾಯಿತು.

ಅಳತೆ ಬಂದದ್ದರಿಂದ ಒಂದು ದೊಡ್ಡ ಉಪಕಾರವಾಯಿತು. ಎಲ್ಲರ ಭಯವೂ ಒಂದೇ ತೂಕದ್ದಲ್ಲ ಎಂಬುದು ಕಂಡಿತು. 46 ಅಧ್ಯಯನಗಳ ಮಾಹಿತಿ ಕಲೆಹಾಕಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಬೇರೆ ಬೇರೆ ಕ್ಯಾನ್ಸರ್‌ಗಳಿಂದ ಪಾರಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಮನ ಕೊಡಬೇಕಾದಷ್ಟು ಭಯವಿದೆ. ತಜ್ಞರ ನೆರವು ಬೇಕಾಗುವಷ್ಟು ತೀವ್ರ ಭಯ ಸುಮಾರು ಐವರಲ್ಲಿ ಒಬ್ಬರಿಗೆ. ಹೆಂಗಸರಲ್ಲಿ, ಅದರಲ್ಲೂ ಕಡಿಮೆ ವಯಸ್ಸಿನವರಲ್ಲಿ, ಅದು ಹೆಚ್ಚು. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ಸ್ಕೂಲಿಗೆ ಹೋಗುವ ಮಕ್ಕಳಿರುವ ವಯಸ್ಸಿನಲ್ಲೇ, ಸ್ತನ ಕ್ಯಾನ್ಸರ್ ಕಾಣಿಸಿಕೊಳ್ಳುವ ಭಾರತಕ್ಕೆ ಈ ಮಾತು ನೇರವಾಗಿ ತಾಗುತ್ತದೆ.

ಮದ್ದು

‘ಧೈರ್ಯವಾಗಿರು’, ‘ಪಾಸಿಟಿವ್ ಆಗಿ ಯೋಚಿಸು’. ದಶಕಗಳ ಕಾಲ ಸಿಕ್ಕ ಮದ್ದು ಇಷ್ಟೇ. ಪ್ರೀತಿಯಿಂದಲೇ ಹೇಳಿದ ಮಾತುಗಳಾದರೂ ಅವು ಭಯಪಡುವವಳ ಬಾಯಿ ಮುಚ್ಚಿಸುತ್ತಿದ್ದವು.

ಆಸ್ಟ್ರೇಲಿಯಾದ ಫಿಲಿಸ್ ಬ್ಯುಟೋ ಮತ್ತು ಸಂಗಡಿಗರು ‘ಕಾಂಕರ್ ಫಿಯರ್’ ಎಂಬ ಹೊಸ ದಾರಿ ಪ್ರಯತ್ನಿಸಿದರು. 222 ಮಂದಿಯ ಈ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಪಾಲ್ಗೊಂಡವರಲ್ಲಿ ಬಹುಪಾಲು ಸ್ತನ ಕ್ಯಾನ್ಸರ್‌ನಿಂದ ಪಾರಾದವರು. ಚಿಕಿತ್ಸಕರ ಎದುರು ಐದು ಭೇಟಿಗಳು. ‘ಕ್ಯಾನ್ಸರ್ ಬರುವುದಿಲ್ಲ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಸುತ್ತಲಿನ ಬೇರೆ ಬೇರೆ ಸದ್ದುಗಳ ಮೇಲೆ ಒಂದಾದಮೇಲೊಂದರಂತೆ ಗಮನ ಹರಿಸುವ ಅಭ್ಯಾಸ ಮಾಡಿಸುತ್ತಾರೆ, ಗಮನ ಎಲ್ಲಿರಬೇಕೆಂಬುದು ತನ್ನ ಹಿಡಿತದಲ್ಲಿದೆ ಎಂದು ತಿಳಿಯಲಿ ಎಂದು. ಭಯದ ಯೋಚನೆ ಬಂದಾಗ ಅದರೊಡನೆ ವಾದಕ್ಕಿಳಿಯದೆ, ಅದನ್ನು ಅಟ್ಟದೆ, ಬಂದು ಹೋಗಲು ಬಿಡುವುದನ್ನು ಕಲಿಸುತ್ತಾರೆ. ಯಾವ ಲಕ್ಷಣಕ್ಕೆ ಡಾಕ್ಟರನ್ನು ನೋಡಬೇಕು, ಯಾವುದಕ್ಕೆ ಬೇಡ ಎಂದು ತಿಳಿಸುತ್ತಾರೆ. ಭಯಕ್ಕೆ ಹೆದರಿ ಮುಂದೂಡಿದ ಪ್ರಯಾಣ, ಕೆಲಸ, ಓದು ಯಾವುದೆಂದು ಕೇಳಿ, ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುತ್ತಾರೆ. ಬರೀ ದೇಹ ಸಡಿಲಿಸುವ ತರಬೇತಿ ಪಡೆದವರಿಗಿಂತ ಇವರ ಭಯ ಹೆಚ್ಚು ಇಳಿಯಿತು. ಆರು ತಿಂಗಳಾದ ಮೇಲೂ ಆ ವ್ಯತ್ಯಾಸ ಉಳಿದಿತ್ತು.

ನೆದರ್ಲೆಂಡ್ಸ್‌ನಲ್ಲಿ ಮುಖಾಮುಖಿ ಭೇಟಿಗೆ ಇಂಟರ್‌ನೆಟ್ ಸೇರಿಸಿದ ಚಿಕಿತ್ಸೆ, ಕೆನಡಾದಲ್ಲಿ ಹೆಂಗಸರು ಆರು ವಾರ ಗುಂಪಾಗಿ ಕೂರುವ ಕಾರ್ಯಕ್ರಮ, ಹೀಗೆ ಬೇರೆ ಪ್ರಯೋಗಗಳೂ ನಡೆದವು. ಅವನ್ನೆಲ್ಲ ಒಟ್ಟಿಗೆ ತೂಗಿದ 2019ರ ವಿಶ್ಲೇಷಣೆ ಪ್ರಾಮಾಣಿಕವಾಗಿದೆ: ಪ್ರಯೋಜನ ಖಚಿತ, ಆದರೆ ಸಣ್ಣದು. ಯೋಚನೆಯೊಳಗಿನ ವಿಷಯವನ್ನು ತಿದ್ದಲು ಹೊರಟ ಹಳೆಯ ವಿಧಾನಗಳಿಗಿಂತ, ಯೋಚನೆಯೊಡನೆ ನಡೆದುಕೊಳ್ಳುವ ರೀತಿಯನ್ನು ಬದಲಿಸುವ ಹೊಸ ವಿಧಾನಗಳು ಹೆಚ್ಚು ಕೆಲಸ ಮಾಡುತ್ತವೆ.

ಕನ್ನಡದ ನೆಲದಲ್ಲಿ

ಬೆಂಗಳೂರಿಗೆ ಈ ವಿಷಯ ಹೊಸದಲ್ಲ. ಕ್ಯಾನ್ಸರ್ ರೋಗಿಗಳಿಗೆ ತಮ್ಮ ಕಾಯಿಲೆ ಏನೆಂದು ಗೊತ್ತಿದೆಯೇ, ಅದಕ್ಕೂ ಮನಸ್ಸಿನ ಬೇಗುದಿಗೂ ಏನು ನಂಟು ಎಂಬುದನ್ನು ನಿಮ್ಹಾನ್ಸ್‌ನ ಪ್ರಭಾ ಚಂದ್ರ, ಸಂತೋಷ್ ಚತುರ್ವೇದಿ ಮೊದಲಾದವರು 1990ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಯೋಗ ಕಲಿತವರಲ್ಲಿ ಆತಂಕ ಕಡಿಮೆಯಾದದ್ದನ್ನು ರಾಘವೇಂದ್ರ ರಾವ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದರು. ಅದು ಚಿಕಿತ್ಸೆಯ ಹೊತ್ತಿನ ಆತಂಕದ ಮಾತು. ಆನಂತರದ ವರ್ಷಗಳ ಭಯ ಬೇರೆಯೇ ಪ್ರಶ್ನೆ. ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಸ್ತನ ಕ್ಯಾನ್ಸರ್‌ನ ಅನುಭವವನ್ನು ಕನ್ನಡದ ಓದುಗರ ಮನೆಯೊಳಕ್ಕೇ ತಂದಿತು.

ಆದರೂ ಕ್ಯಾನ್ಸರ್ ಎಂಬ ಹೆಸರನ್ನೇ ನೆಂಟರಿಂದ ಮುಚ್ಚಿಡುವ ಮನೆಗಳಲ್ಲಿ ‘ಮತ್ತೆ ಬಂದರೆ?’ ಎಂದು ಯಾರನ್ನು ಕೇಳುವುದು? ಎಲ್ಲ ಆಸ್ಪತ್ರೆಗಳಿಗೂ ಸಾಕಾಗುವಷ್ಟು ಮನಶ್ಶಾಸ್ತ್ರಜ್ಞರೂ ಇಲ್ಲಿಲ್ಲ. ಹಾಗಾಗಿಯೇ ಸ್ಕಾಟ್ಲೆಂಡಿನಲ್ಲಿ ಹಂಫ್ರಿಸ್ ತಂಡ ರೂಪಿಸಿದ ‘ಮಿನಿ-ಆಫ್ಟರ್‌ಸಿ’ ಎಂಬ ಪುಟ್ಟ ಕ್ರಮ ಗಮನ ಸೆಳೆಯುತ್ತದೆ. ಅದನ್ನು ನಡೆಸುವವರು ಸ್ತನ ಕ್ಯಾನ್ಸರ್ ವಿಭಾಗದ ನರ್ಸುಗಳೇ. ಭಯ ಮಧ್ಯಮ ಪ್ರಮಾಣದಲ್ಲಿರುವ ಹೆಂಗಸರಿಗೆ ಅವರು ಫೋನ್ ಮಾಡಿ ಸುಮಾರು ಅರ್ಧ ಗಂಟೆ ಮಾತಾಡುತ್ತಾರೆ: ಭಯ ಯಾವಾಗ ಬರುತ್ತದೆ, ಆಗ ಏನು ಮಾಡುತ್ತೀರಿ, ಮೈ ಮುಟ್ಟಿ ನೋಡಿಕೊಳ್ಳುವುದು ದಿನಕ್ಕೆಷ್ಟು ಸಲ, ಅದನ್ನು ತಿಂಗಳಿಗೊಮ್ಮೆಗೆ ಇಳಿಸಬಹುದೇ? ಇದಕ್ಕೆ ಬೇಕಾದದ್ದು ತರಬೇತಿ ಪಡೆದ ಒಬ್ಬ ನರ್ಸ್, ಒಂದು ಫೋನ್, ಆಕೆಗೆ ಆಸ್ಪತ್ರೆ ಬಿಟ್ಟುಕೊಡುವ ಅರ್ಧ ಗಂಟೆ. ಹಾವೇರಿಯಿಂದಲೋ ಚಾಮರಾಜನಗರದಿಂದಲೋ ರಾತ್ರಿ ಬಸ್ಸು ಹಿಡಿದು, ಪ್ಲಾಸ್ಟಿಕ್ ಕವರಿನಲ್ಲಿ ಫೈಲಿಟ್ಟುಕೊಂಡು ಬೆಂಗಳೂರಿಗೆ ಫಾಲೋಅಪ್‌ಗೆ ಬರುವ ಹೆಂಗಸು ಊರಿಗೆ ಮರಳಿದ ವಾರದಲ್ಲಿ, ಆ ಫೋನ್ ಕನ್ನಡದಲ್ಲಿ ಬರಬೇಕು.